ಅವನಿಗೆ ತಿಳಿಯದ ಸ್ಪರ್ಶ

ದೆಹಲಿಯ ದ್ವಾರಕಾಕ್ಕೆ ಆಗ ಮೆಟ್ರೊ ಹೊಸದು. ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಲ್ಲಿ ಧಾರಿಣಿ ಮೊದಲ ಬಾರಿಗೆ ಕಿಶನ್‌ನ ಕೈ ಹಿಡಿದಳು!

ಕನ್ನಡ ಸಂಘದ ಹಾಡಿನ ತರಗತಿಯಲ್ಲಿ ವರ್ಷದಿಂದ ಕದ್ದು ನೋಡುತ್ತಿದ್ದ ಹುಡುಗ. ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿಲ್ಲ. ಕೈಯಾದರೂ ಹೇಳಲಿ ಎಂದುಕೊಂಡಿದ್ದಳು.

ಅವನು ತಿರುಗಿಯೂ ನೋಡಲಿಲ್ಲ. ಅವನ ಬೆರಳುಗಳು ಹಿಂಡಿದ ಬಟ್ಟೆಯಂತೆ ಅವಳ ಕೈಯಲ್ಲಿ ಬಿದ್ದಿದ್ದವು. ಮೆಲ್ಲಗೆ ಅದುಮಿದಳು. ಊಹುಂ.

ಬರುತ್ತಿದ್ದ ರೈಲನ್ನೇ ನೋಡುತ್ತಾ, "ಚಲೋ, ಬೇಗ ಹತ್ತು" ಎಂದ.

'ಬೇಡ ಅನ್ನೋದನ್ನ ಎಷ್ಟು ಮರ್ಯಾದೆಯಿಂದ ಹೇಳಿದ!'

ಧಾರಿಣಿ ಸಂಘಕ್ಕೆ ಹೋಗುವುದನ್ನೇ ಬಿಟ್ಟಳು. ಅವನ ಫೋನ್ ಎತ್ತಲಿಲ್ಲ. ಆಮೇಲೆ ಫೋನೂ ನಿಂತಿತು.

ಚಳಿಗಾಲದಲ್ಲಿ ಅವನ ತಂಗಿ ಮಯೂರಿ ಆರ್.ಕೆ.ಪುರಂನ ಧಾರಿಣಿಯ ಕ್ವಾರ್ಟರ್ಸಿಗೆ ಹುಡುಕಿಕೊಂಡು ಬಂದಳು.

"ದೀದಿ, ಅಣ್ಣ ಆಸ್ಪತ್ರೇಲಿದಾನೆ. ನಿಮ್ಮ ಹೆಸರೆತ್ತಲ್ಲ. ಆದ್ರೆ ಸಂಘದವರು ಬಂದಾಗೆಲ್ಲ ಅವರ ಹಿಂದೆ ಯಾರಿದಾರೆ ಅಂತ ನೋಡ್ತಾನೆ."

"ಏನಾಯ್ತು?"

"ಬಲಗೈ ಜೋಮು ಹಿಡೀತಿತ್ತು. ನಾವು ಸೊಪ್ಪುಸಾರಿನವರಲ್ವಾ, ಬಿ-ಟ್ವೆಲ್ವ್ ವಿಟಮಿನ್ ಕಮ್ಮಿ ಅಂದ್ರು ಎಲ್ಲಾರೂ. ನಮ್ಮೋರಲ್ಲಿ ಯಾರಿಗಿಲ್ಲ ಹೇಳಿ? ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಿದ್ವಿ. ಆಮೇಲೆ ಪಾದ ಎತ್ತೋಕೂ ಆಗ್ಲಿಲ್ಲ. ನರದ ಚೂರು ತೆಗೆದು ನೋಡಿದ್ರು... ಲಿಂಫೋಮಾ. ಕ್ಯಾನ್ಸರ್ ನರದೊಳಗೇ ಕೂತಿದೆ, ದೀದಿ!"

"ಕೈಗೆ... ಮುಟ್ಟಿದ್ರೆ ಗೊತ್ತಾಗ್ತಿರ್ಲಿಲ್ವಾ?"

"ಸುಟ್ರೂ ಗೊತ್ತಾಗ್ತಿರ್ಲಿಲ್ಲ."

ಧಾರಿಣಿಗೆ ಆ ಪ್ಲಾಟ್‌ಫಾರ್ಮ್ ನೆನಪಾಯಿತು. ಅಂದು ತಾನು ಹಿಡಿದದ್ದು ಬಲಗೈ!

ವಾರ್ಡಿನಲ್ಲಿ ಅವನನ್ನು ಗುರುತಿಸುವುದೇ ಕಷ್ಟವಾಯಿತು. ತಲೆಯಲ್ಲಿ ಕೂದಲಿಲ್ಲ. ಹೊದಿಕೆ ತಗುಲಿದರೂ ಕಾಲಿನಲ್ಲಿ ಬೆಂಕಿಯಂಥ ಉರಿ. ಕೈಗಳಿಗೆ ಮಾತ್ರ ಏನು ತಗುಲಿದರೂ ತಿಳಿಯದು.

"ಯಾಕೆ ಬಂದೆ? ನೋಡೋ ಹಾಗಿಲ್ಲ ನಾನು."

"ಮುಂಚೆ ನೋಡೋ ಹಾಗಿದ್ರಿ ಅಂತ ಯಾರಂದ್ರು?"

ನಗಲು ಹೋಗಿ ನೋವಿಗೆ ಮುಖ ಕಿವುಚಿದ. "ನೀನೇ ಬರೋದು ಬಿಟ್ಟೆ. ಏನು ತಪ್ಪು ಮಾಡಿದೆ ನಾನು?"

"ಮೆಟ್ರೊ ಸ್ಟೇಷನ್ನಲ್ಲಿ ನಿಮ್ಮ ಕೈ ಹಿಡಿದೆ. ನೀವು ತಿರುಗಿ ನೋಡ್ಲಿಲ್ಲ..."

ಅವನು ತನ್ನ ಬಲಗೈಯನ್ನೇ ದಿಟ್ಟಿಸಿದ.

"ಹಿಡಿದಿದ್ದೆಯಾ? ನೀನಾ?" ಕಣ್ಣು ತುಂಬಿ ಬಂತು. "ಈ ಹಾಳು ರೋಗ ಅದನ್ನೂ ತಿಂದುಬಿಡ್ತಾ!"

ಧಾರಿಣಿ ಮಂಚಕ್ಕೆ ಇನ್ನಷ್ಟು ಹತ್ತಿರ ಬಂದಳು.

"ಡಾಕ್ಟರ್ ಭರವಸೆ ಕೊಡ್ತಿಲ್ಲ, ಧಾರಿಣಿ. ಮನೆಗೆ ಹೋಗು."

"ಭರವಸೆ ಕೇಳೋಕೆ ಬಂದಿಲ್ಲ. ಹೇಳೋಕೆ ಬಂದೆ. ನೀವಂದ್ರೆ ನಂಗಿಷ್ಟ. ಕಿವಿ ಕೇಳುತ್ತಲ್ವಾ?"

"...ಕೇಳುತ್ತೆ."

ಅವಳು ಬಾಗಿ, ಅವನ ಕೆನ್ನೆಯ ಮೇಲೆ ಅಂಗೈ ಇಟ್ಟಳು. "ಇಲ್ಲಿ ಗೊತ್ತಾಗುತ್ತಾ?"

ಕಿಶನ್ ಕಣ್ಣು ಮುಚ್ಚಿದ. "ತಣ್ಣಗಿದೆ ನಿನ್ನ ಕೈ."

"ಭಯಕ್ಕೆ."

"ನಂಗೂ ಭಯ... ತೆಗೀಬೇಡ."