ತೋಳಿನ ಮೇಲೆ ಊರಮ

2025ರ ಸೆಪ್ಟೆಂಬರ್ 20, ಶನಿವಾರ ಬೆಳಿಗ್ಗೆ ಬಳ್ಳಾರಿಯ ಕೌಲ್ ಬಜಾರ್ ಠಾಣೆಗೆ ಮಾಜಿ ಸೈನಿಕರ ಸಂಘದ ಅಧ್ಯಕ್ಷ ತಿಪ್ಪೇರುದ್ರಪ್ಪ ಬಂದು ದೂರು ಕೊಟ್ಟರು. ಸಂಘದ ಸಭಾಂಗಣದ ಗೋಡೆಯಲ್ಲಿದ್ದ ಯುದ್ಧಚಿತ್ರವನ್ನು ಹಿಂದಿನ ಸಂಜೆ ಯಾರೋ ಹೊತ್ತೊಯ್ದಿದ್ದರು. ಇನ್‌ಸ್ಪೆಕ್ಟರ್ ವಿಜಯಲಕ್ಷ್ಮಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಯರ್ರಿಸ್ವಾಮಿಯನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟರು.

1971ರಲ್ಲಿ ಗಡಿಯ ಹತ್ತಿರದ ಡೇರೆ ಆಸ್ಪತ್ರೆಯಲ್ಲಿದ್ದ ಬಂಗಾಳಿ ಡಾಕ್ಟರೊಬ್ಬರು ಬಿಡಿಸಿದ ಚಿತ್ರ ಅದು. ಲಾಂದ್ರದ ಬೆಳಕಿನಲ್ಲಿ ಶುಶ್ರೂಷೆಯ ಸಿಪಾಯಿಯೊಬ್ಬ ಗಾಯಾಳುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಸುತ್ತುತ್ತಿದ್ದಾನೆ. ಅವನ ತೋಳಿನ ಮೇಲೆ ಕನ್ನಡದ ಹಚ್ಚೆ: ಊರಮ. ಬಳ್ಳಾರಿ ಕಡೆಯವನು ಎನ್ನುವುದಷ್ಟೇ ಡಾಕ್ಟರಿಗೆ ನೆನಪಿತ್ತು. ಅವರು ತೀರಿಕೊಂಡ ಮೇಲೆ ಮನೆಯವರು ಚಿತ್ರವನ್ನು ಇಲ್ಲಿಗೆ ಕಳಿಸಿದ್ದರು. ಊರಮ್ಮ ಎಂದರೆ ಈ ಸೀಮೆಯಲ್ಲಿ ಊರೂರ ದೇವಿ. ಕನ್ನಡ ಬಾರದ ಡಾಕ್ಟರು ಒತ್ತು ಬಿಟ್ಟಿದ್ದಾರೆಂದುಕೊಂಡು ಸಂಘದವರು ಕೆಳಗೆ ‘ಊರಮ್ಮನ ಭಕ್ತ’ ಎಂದು ಹಿತ್ತಾಳೆ ಫಲಕ ಹೊಡೆಸಿದ್ದರು.

"ಗುಂಡು ಹೊಡದೋರ ಚಿತ್ರ ಎಲ್ಲಾ ಕಡಿ ಅದಾವ್ರಿ ಮೇಡಂ," ಎಂದರು ತಿಪ್ಪೇರುದ್ರಪ್ಪ. "ಗುಂಡು ತಿಂದೋರ್ನ ಉಳಿಸಿದೋನ ಚಿತ್ರ ನಮ್ಮಲ್ಲಿ ಇದೊಂದ ಇತ್ತು."

ಕ್ಯಾಮೆರಾದಲ್ಲಿ ಸಿಕ್ಕ ಕಳ್ಳನನ್ನು ನೋಡಿ ಯರ್ರಿಸ್ವಾಮಿಗೆ ನಗು ತಡೆಯಲಿಲ್ಲ. ಆಸಾಮಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಚಿತ್ರಕ್ಕೆ ಕೈಮುಗಿದು, ಆಮೇಲೆ ಅದನ್ನು ಗೋಡೆಯಿಂದ ಇಳಿಸಿದ್ದ. ವಿಜಯಲಕ್ಷ್ಮಿ ಮಾತ್ರ ನಗಲಿಲ್ಲ.

"ನಾಳಿ ಏನೈತಿ?"

"ಮಾರ್ನೋಮಿ ಅಮಾಸಿ, ಮೇಡಂ. ಹಿರೇರಿಗೆ ಎಡಿ ಇಡೋದು."

ತೀರಿಹೋದ ಹಿರಿಯರ ಫೋಟೋದ ಮುಂದೆ ಅಡುಗೆ ಬಡಿಸಿ ಕೈಮುಗಿಯುವ ದಿನ. ಫೋಟೋ ಇಲ್ಲದ ಮನೆಯೊಂದನ್ನು ಹುಡುಕಬೇಕೆಂದು ಇನ್‌ಸ್ಪೆಕ್ಟರ್‌ಗೆ ಖಾತ್ರಿಯಾಯಿತು.

ರಸ್ತೆಯ ಕ್ಯಾಮೆರಾಗಳಿಂದ ಆಟೊ ನಂಬರು ಸಿಕ್ಕಿತು. ಚಾಲಕ ಕೌಲ್ ಬಜಾರಿನ ಕರಿಬಸವ, ಫೋನು ಬಂದ್. ಆಟೊ ಕುರುಗೋಡಿನ ಕಡೆ ಹೋಗಿತ್ತು. ಅಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಗಾಳೆಪ್ಪನ ಅಂಗಡಿ ಪತ್ತೆಯಾಗುವಷ್ಟರಲ್ಲಿ ಭಾನುವಾರವಾಗಿತ್ತು. ಚಿತ್ರಕ್ಕೆ ಗಾಜು ಹಾಕಿಸಿಕೊಂಡವನು ‘ನಮ್ಮಪ್ಪಂದು, ರಾರಾವಿಗೆ ಒಯ್ಯಾಕತ್ತೀನಿ’ ಎಂದು ಹೇಳಿದ್ದನಂತೆ. ಮಾಲು ಗುರುತಿಸಲು ತಿಪ್ಪೇರುದ್ರಪ್ಪನವರನ್ನೂ ಕೂರಿಸಿಕೊಂಡು ಜೀಪು ಸಿರುಗುಪ್ಪ ದಾಟಿತು.

ರಾರಾವಿಯ ಆ ಮನೆಯಲ್ಲಿ ಚಿತ್ರ ಮಣೆಯ ಮೇಲಿತ್ತು, ಹೂವಿನ ಹಾರ ಹಾಕಿತ್ತು. ಮುಂದೆ ಹೋಳಿಗೆ, ಬದನೆಕಾಯಿ ಪಲ್ಯ. ಮುದುಕಿಯೊಬ್ಬಳು ಗಾಜಿನ ಮೇಲೆ ಅಂಗೈ ಇಟ್ಟು ಕೂತಿದ್ದಳು. ಕರಿಬಸವ ಎದ್ದು ನಿಂತ.

"ನಾನ ತಂದೀನ್ರಿ. ಎಡಿ ಮುಗೀಲಿ, ಬರ್ತೀನಿ."

"ಕೇಳಿ ಒಯ್ಯಬೇಕಿತ್ತು," ಎಂದರು ವಿಜಯಲಕ್ಷ್ಮಿ.

"ಕೇಳಿದ್ನಿರಿ. ಊರಮ್ಮ ನಮ್ಮವ್ವ ಅಂದೆ. ಹೌದಪ, ಆಕಿ ಎಲ್ಲಾರಿಗೂ ಅವ್ವನ ಅಂದ್ರು ಇವ್ರು."

ತಿಪ್ಪೇರುದ್ರಪ್ಪನವರ ಮುಖ ಸಣ್ಣದಾಯಿತು. ಆಟೊದವನಿಗೆ ಭಕ್ತಿಯಿಂದಲೇ ಹಾಗೆ ಹೇಳಿ ಪ್ರಸಾದವನ್ನೂ ಕೊಟ್ಟು ಕಳಿಸಿದ್ದು ಅವರಿಗೆ ಈಗ ನೆನಪಾಯಿತು.

ಅಪ್ಪ ಯುದ್ಧದಲ್ಲಿ ಸತ್ತಾಗ ಕರಿಬಸವ ಹೊಟ್ಟೆಯಲ್ಲಿದ್ದ. ಮನೆಯಲ್ಲಿದ್ದ ಒಂದೇ ಫೋಟೋ 2009ರಲ್ಲಿ ಹೊಳೆ ಊರೊಳಗೆ ಬಂದಾಗ ಹೋಯಿತು. ವಿಜಯಲಕ್ಷ್ಮಿ ಮುದುಕಿಯ ಪಕ್ಕ ಕೂತು, ಇದು ನಿಮ್ಮ ಯಜಮಾನರೇ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು.

"ರಜಾದಾಗ ಬಂದಾಗ ನನ್ನ ಹೆಸರು ಹಾಕಿಸ್ಕೊಂಡ್ರು," ಎಂದಳು ಊರಮ್ಮ. "ಹಚ್ಚಿ ಹಾಕಾಕಿ ಒತ್ತು ಬಿಟ್ಲು. ಮುಂದಿನ ಸಲ ಬಂದಾಗ ತಿದ್ದಿಸ್ಕೊಂತೀನಿ ಅಂದು ಹೋದ್ರು."

ಡಾಕ್ಟರು ಕಂಡಂತೆಯೇ ಬರೆದಿದ್ದರು.

ಎಡೆ ಮುಗಿಯುವವರೆಗೂ ಪೊಲೀಸರು ಅಂಗಳದಲ್ಲಿ ಕಾದರು. ಆಮೇಲೆ ಕರಿಬಸವನನ್ನು ದಸ್ತಗಿರಿ ಮಾಡಿದರು, ಕೇಸು ಕೇಸೇ. ಮರುದಿನ ಚಿತ್ರ ವಾಪಸ್ ಇಡಬೇಕೆಂದಿದ್ದೆ, ಅವ್ವ ಒಮ್ಮೆ ಮುಖ ನೋಡಲಿ ಎಂದಷ್ಟೇ ಆಸೆಯಿತ್ತು ಎಂದು ಅವನು ಹೇಳಿಕೆ ಕೊಟ್ಟ. ಜಾಮೀನಿಗೆ ತಾವೇ ನಿಲ್ಲುವುದಾಗಿ ತಿಪ್ಪೇರುದ್ರಪ್ಪ ಯಾರೂ ಕೇಳುವ ಮೊದಲೇ ಹೇಳಿದರು.

ಜಪ್ತಿ ಪಂಚನಾಮೆಯಲ್ಲಿ ಯರ್ರಿಸ್ವಾಮಿ ‘ಹೆಸರು ತಿಳಿಯದ ಸಿಪಾಯಿಯ ಚಿತ್ರ’ ಎಂದು ಶುರುಮಾಡಿದ್ದ. ವಿಜಯಲಕ್ಷ್ಮಿ ಅದನ್ನು ಹೊಡೆದುಹಾಕಿಸಿ ಹೆಸರು ಕೇಳಿದರು. ಕರಿಬಸವ ಬಾಯಿ ತೆರೆದ. ಮುದುಕಿ ಅವನನ್ನು ತಡೆದು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದೆಂದು ಮದುವೆಯಾದಂದಿನಿಂದ ನಡೆದುಕೊಂಡು ಬಂದವಳು.

"ಬರಕೊಳ್ರಿ," ಎಂದಳು. "ದೊಡ್ಡಬಸಪ್ಪ. ರಾರಾವಿ ದೊಡ್ಡಬಸಪ್ಪ."

ತಿಪ್ಪೇರುದ್ರಪ್ಪ ನೆಟ್ಟಗೆ ನಿಂತರು. ಯರ್ರಿಸ್ವಾಮಿ ಒತ್ತು ಬಿಡದಂತೆ ಬರೆದುಕೊಂಡ.