ಬಿಳಿ ಕಾರಿನ ಬೇಡವಾದ ಫೋಟೋಗಳು

ಜನವರಿ ಹನ್ನೆರಡು, ಬೆಳಿಗ್ಗೆ. ದೆಹಲಿಯ ರೋಹಿಣಿ ಬಡಾವಣೆಯ ಠಾಣೆಗೆ ಲೀಲಮ್ಮ ಮಗಳು ಹರಿಣಿಯ ಕೈ ಹಿಡಿದು ಬಂದರು. ಹಿಂದಿನ ದಿನ ನಸುಕಿನಲ್ಲಿ ಹಾಲು ತರಲು ಹೋಗಿದ್ದ ಅವರ ಗಂಡ, ಕೇಂದ್ರ ಸರ್ಕಾರಿ ಕಚೇರಿಯ ಗುಮಾಸ್ತ ದೇವೇಂದ್ರಪ್ಪ, ಕಾರು ಗುದ್ದಿ ಸತ್ತಿದ್ದರು. ಇನ್‌ಸ್ಪೆಕ್ಟರ್ ಮಹಂತೇಶ್ ಕನ್ನಡದಲ್ಲೇ "ಕೂಡ್ರಿ ಅಮ್ಮಾ" ಎಂದದ್ದೇ ತಡ, ಲೀಲಮ್ಮ ತಡೆದಿಟ್ಟಿದ್ದ ಅಳು ಕಟ್ಟೆಯೊಡೆಯಿತು.

"ಗುದ್ದಿದ ಮೇಲೂ ಅರ್ಧ ಗಂಟೆ ಜೀವ ಇತ್ತಂತೆ ಸರ್, ಡಾಕ್ಟ್ರು ಹೇಳಿದ್ರು. ರಸ್ತೇಲಿ ಬಿಟ್ಟು ಹೋದೋನು ಯಾರು ಅಂತ ನಂಗೆ ಗೊತ್ತಾಗ್ಬೇಕು."

"ಪಪ್ಪಾದು ಮಫ್ಲರ್ ಭೀ ಸಿಕ್ಕಿಲ್ಲ ಅಂಕಲ್. ಕೆಂಪು ಬಣ್ಣದ್ದು" ಎಂದಳು ಹರಿಣಿ.

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಸಿಕ್ಕಿದ್ದು ಬಲಗಡೆ ಹೆಡ್‌ಲೈಟಿನ ಚೂರುಗಳು ಮಾತ್ರ. ಸಿಸಿಟಿವಿಯಲ್ಲಿ ಬರೀ ಮಂಜು, ಅದರೊಳಗೊಂದು ಬಿಳಿ ಕಾರು, ನಂಬರು ಕಾಣದು. ದೆಹಲಿಯಲ್ಲಿ ಬಿಳಿ ಕಾರಿಗೇನು ಬರ! ಚೂರುಗಳಿಂದ ಕಾರಿನ ಮಾಡೆಲ್ ತಿಳಿಯಿತು. ಕಾನ್‌ಸ್ಟೇಬಲ್ ಕಿಶನ್ ಆ ಮಾಡೆಲಿನ ಮಾಲೀಕರ ಮನೆಮನೆ ಅಲೆದ.

ಪಕ್ಕದ ಬಡಾವಣೆ ಪೀತಂಪುರದ ಸೃಜನ್ ಹೀಗೆ ಸಿಕ್ಕವನು. ಕೊಡಗಿನ ಸೈನಿಕ ಕುಟುಂಬ. ಅಪ್ಪ ಗಡಿಯಲ್ಲಿ ತೀರಿಕೊಂಡಿದ್ದರು, ಮನೆಯಲ್ಲಿ ತಾಯಿ ಕಾಳಮ್ಮ ಒಬ್ಬರೇ. ಕಾರಿನ ಎರಡೂ ಲೈಟು ಸರಿಯಾಗಿದ್ದವು.

"ಬದಲಾಯಿಸಿರಬಹುದಲ್ಲ?" ಎಂದರು ಮಹಂತೇಶ್.

"ಅಚ್ಛಾ, ಈ ಫೋಟೋ ನೋಡಿ ಸರ್" ಎಂದು ಸೃಜನ್ ಮೊಬೈಲ್ ಚಾಚಿದ. "ಕಾರು ಮಾರೋಕೆ ಅಂತ ಆಕ್ಸಿಡೆಂಟ್ ಆದ ದಿನಾನೇ ಬೆಳಿಗ್ಗೆ ಹತ್ತು ಗಂಟೆಗೆ ಶೂಟ್ ಮಾಡಿಸಿದ್ದು. ಲೈಟು ಒಡೆದಿದ್ಯಾ?"

ಒಡೆದಿರಲಿಲ್ಲ. ಪಳಪಳ ಹೊಳೆಯುತ್ತಿತ್ತು.

ಆ ಫೋಟೋ ತೆಗೆದ ತನ್ವಿಯ ಸ್ಟುಡಿಯೋ ನೋಯ್ಡಾದಲ್ಲಿತ್ತು. ಮಹಂತೇಶ್ ಅಲ್ಲಿಗೇ ಹೋದರು.

"ಗಿರಾಕಿ ಬೇಡ ಅಂದ ಫೋಟೋ ಇದಾವಾ?"

"ಇವೆ ಸರ್. ಆದ್ರೆ ರಿಜೆಕ್ಟ್ ಆಗಿದ್ದನ್ನ ನಾನು ತಿದ್ದೋದೇ ಇಲ್ಲ. ಹಾಗೇ ಬಿದ್ದಿರ್ತವೆ."

"ಅದಕ್ಕೇ ಕೇಳಿದ್ದು."

ಪರದೆಯ ಮೇಲೆ ತಂದ ತಿದ್ದದ ಫೋಟೋದಲ್ಲಿ ಬಲಗಡೆ ಲೈಟಿನ ಜಾಗದಲ್ಲಿ ಗುಳಿಯಿತ್ತು. ತನ್ವಿ ತಾನೇ ಅದರತ್ತ ಬೆರಳು ತೋರಿದಳು.

"ಕಲ್ಲು ಬಡೀತು ಅಂದ್ರು ಸರ್. ಫೋಟೋದಲ್ಲಿ ಎಡಗಡೆ ಲೈಟನ್ನೇ ತಿರುಗಿಸಿ ಬಲಕ್ಕೆ ಕೂರಿಸಿದೆ. ಮಾರೋ ಕಾರಿಗೆ ಎಲ್ಲರೂ ಹಾಗೇ ಮಾಡಿಸ್ತಾರೆ."

ಇನ್ನೊಂದು ಫೋಟೋ ಬೇಡವಾಗಿದ್ದು ಚೌಕಟ್ಟಿನೊಳಗೆ ಮನುಷ್ಯ ಬಂದಿದ್ದಕ್ಕೆ. ಸೃಜನ್ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಂಪರಿನ ಸಂದಿಯಿಂದ ಕೆಂಪು ಉಲ್ಲನ್ ಬಟ್ಟೆ ಎಳೆಯುತ್ತಿದ್ದ. ಕ್ಯಾಮೆರಾದ ಕಾರ್ಡು ಪಂಚ ಸಾಕ್ಷಿಗಳ ಎದುರು ಜಪ್ತಿಯಾಯಿತು.

ಸಂಜೆ ಠಾಣೆಯಲ್ಲಿ ಫೋಟೋವನ್ನು ಮೇಜಿನ ಮೇಲಿಟ್ಟರು. ಸೃಜನ್ ತಲೆ ತಗ್ಗಿಸಿದ. ಪಕ್ಕದಲ್ಲಿ ಕಾಳಮ್ಮ ಕೂತಿದ್ದರು.

"ಕಾರು ನಿಲ್ಲಿಸಿದೆಯಾ?"

"ಹಾಂ. ಇಳಿದೆ."

"ಅವರಿಗೆ ಎಚ್ಚರ ಇತ್ತಾ?"

"ಇತ್ತು. 'ಸ್ವಲ್ಪ ಎತ್ತಪ್ಪಾ' ಅಂದ್ರು. ಕನ್ನಡದಲ್ಲಿ."

"ಅರ್ಥ ಆಯ್ತಲ್ಲ ನಿಂಗೆ?"

"ಆಯ್ತು. ಮುಂದಿನ ವಾರ ಮಿಲಿಟರಿ ಅಕಾಡೆಮಿ ಸೇರ್ಬೇಕಿತ್ತು ಸರ್. ಕೇಸ್ ಆದ್ರೆ ಸಬ್ ಖತಂ. ಅಮ್ಮ ನನ್ನ ಯೂನಿಫಾರ್ಮಲ್ಲಿ ನೋಡ್ಬೇಕು ಅಂತಿದ್ರು."

ಕಾಳಮ್ಮ ಎದ್ದು ನಿಂತರು. "ನಿನ್ನ ಅಪ್ಪನ್ನ ಗುಂಡಿನ ಮಧ್ಯೆ ಹೊತ್ತು ತಂದ್ರು ಕಣೋ, ಜೊತೆಯವರು. ಬಿದ್ದೋರನ್ನ ಬಿಟ್ಟು ಬಂದೋನಿಗೆ ಯಾವ ಯೂನಿಫಾರ್ಮು?"

ಬಂಧನದ ಮೆಮೊಗೆ ಮನೆಯವರ ಸಹಿ ಬೇಕಿತ್ತು. ಕಾಳಮ್ಮನೇ ಹಾಕಿದರು.

ಸೃಜನ್ ಕುಡಿದಿರಲಿಲ್ಲ, ಯಾರ ಮೇಲೂ ಹಗೆ ಇರಲಿಲ್ಲ. ತಾಯಿಯ ಆಸೆ ಕೈತಪ್ಪೀತೆಂಬ ಹೆದರಿಕೆಗೆ ಜೀವವಿದ್ದ ಮನುಷ್ಯನನ್ನು ಬಿಟ್ಟುಬಂದಿದ್ದ. ಮಹಂತೇಶ್ ಇದನ್ನು ವರದಿಯಲ್ಲಿ ಬರೆದು, ಲೀಲಮ್ಮನಿಗೆ ಫೋನ್ ಮಾಡಿ ಹೆಸರು ಹೇಳಿದರು.

"ನಮ್ಮ ಕಡೆಯವನಾ ಸರ್?"

"ಹೌದಮ್ಮಾ."

"ಇವರಿಗೆ ನೋವಾದ್ರೆ ಕನ್ನಡ ಬಿಟ್ಟು ಬೇರೆ ಬಾಯಿಗೆ ಬರ್ತಿರ್ಲಿಲ್ಲ. ಅವನ ಹತ್ರ ಇವರು ಏನಾದ್ರೂ ಕೇಳ್ಕೊಂಡ್ರಂತಾ?"

ಸುಳ್ಳು ಹೇಳಿಬಿಡೋಣ ಅನ್ನಿಸಿತು ಮಹಂತೇಶರಿಗೆ.

"ಸ್ವಲ್ಪ ಎತ್ತಪ್ಪಾ ಅಂದ್ರಂತಮ್ಮಾ" ಎಂದರು.