ಶರಾವತಿಯನ್ನು ನಡೆದು ದಾಟಿದ್ದು

"ಮಾವ, ಕಾರು ಆಫ್ ಆತಾ?" ಸೌಜನ್ಯಾ ಕೇಳಿದಳು.

"ಇಲ್ವೇ, ಆನ್ ಇದ್ದು. ಎಲೆಕ್ಟ್ರಿಕ್ ಅಲ್ವಾ, ಸದ್ದೇ ಇರೂದಿಲ್ಲ," ಎಂದ ಕಮಲಾಕರ ಮಾವ.

ಮಾವ ಈ ಕಾರು ತಂದು ಇನ್ನೂ ವಾರ ಕಳೆದಿರಲಿಲ್ಲ. ಹೊಗೆಯಿಲ್ಲ, ಪೆಟ್ರೋಲ್ ವಾಸನೆಯಿಲ್ಲ. ಮಂಕಿಯಿಂದ ಇಲ್ಲಿಯವರೆಗೆ ದೋಣಿ ಜಾರಿದ ಹಾಗೆ ಜಾರಿಕೊಂಡು ಬಂದಿತ್ತು. ಸೌಜನ್ಯಾ ದಾರಿಯುದ್ದಕ್ಕೂ ಬಾಯಿ ಬಿಟ್ಟುಕೊಂಡೇ ಕೂತಿದ್ದಳು.

ಈಗ ಮಾತ್ರ ಕಾರು ಕಾಸರಕೋಡಿನಲ್ಲಿ, ಶರಾವತಿ ಸೇತುವೆ ಶುರುವಾಗುವಲ್ಲಿ ನಿಂತುಬಿಟ್ಟಿತ್ತು. ಆಚೆ ತುದಿಯಲ್ಲಿ ದೊಡ್ಡ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತಂತೆ. ಮುಂದೆ ಕಾರು, ಹಿಂದೆ ಕಾರು, ಪಕ್ಕದಲ್ಲೂ ಕಾರು.

ಹೊನ್ನಾವರದ ಮೈದಾನದಲ್ಲಿ ಇವತ್ತು ತಾಲೂಕು ಮಟ್ಟದ ಖೋ ಖೋ. ಸೌಜನ್ಯಾಳ ಶಾಲೆಯ ಹುಡುಗಿಯರೆಲ್ಲ ದಿನಕರ ಸರ್ ಜೊತೆ ಬಸ್ಸಿನಲ್ಲಿ ಹೊರಟಿದ್ದರು.

"ನಿಂಗೆ ಸೀಟ್ ಹಿಡೀತೆ," ಎಂದು ಗೆಳತಿ ಅಂಕಿತಾ ನಿನ್ನೆ ಹೇಳಿದ್ದಳು.

"ಬೇಡ ಮಾರಾಯ್ತಿ. ಬಸ್ಸಲ್ಲಿ ಎಂತ ರಶ್ಶು! ನಾ ಮಾವನ ಹೊಸ ಕಾರಲ್ಲಿ ಬರೂದು. ನಿಮಗಿಂತ ಮುಂಚೆ ಮುಟ್ತೆ ನೋಡು," ಎಂದಿದ್ದಳು ಸೌಜನ್ಯಾ.

"ಮಾವ, ಲೇಟಾದ್ರೆ ಆಡೂಕೆ ಬಿಡೂದಿಲ್ಲ! ನಾನಿಲ್ದೆ ಇದ್ರೆ ಟೀಮಿಗೆ ಒಬ್ರು ಕಮ್ಮಿ ಆಗ್ತ್ರು."

"ನಾ ಎಂತ ಮಾಡ್ಲಿ ಮಗಾ? ಇದಕ್ಕೆ ರೆಕ್ಕೆ ಇಲ್ವಲ್ಲ."

ಅಷ್ಟರಲ್ಲಿ ಯಾರೋ ಕಿಟಕಿ ತಟ್ಟಿದರು. ನೋಡಿದರೆ ಅಂಕಿತಾ! ಸೌಜನ್ಯಾ ಗಾಜು ಇಳಿಸಿದಳು.

"ಬಸ್ಸೂ ಹಿಂದೆ ನಿಂತದೆ. ಎಲ್ಲಾ ನಡ್ಕಂಡೇ ಹೊರಟದ್ದು. ಬತ್ಯಾ?"

ಸೌಜನ್ಯಾ ಮಾವನ ಮುಖ ನೋಡಿದಳು.

"ಹೋಗು, ಸರ್ ಇದ್ದಾರಲ್ಲ. ನಾ ಕಾರು ಬಿಟ್ಟು ಬರೂಕಾಗೂದಿಲ್ಲ," ಎಂದ ಮಾವ.

ಬಾಗಿಲು ತೆರೆದರೆ ಬಿಸಿಲು, ಉಪ್ಪಿನ ಗಾಳಿ. ಮುಂದೆ ದಿನಕರ ಸರ್, ಅವರ ಹಿಂದೆ ಟೀಮಿನ ಹುಡುಗಿಯರು. ಆಮೇಲೆ ಕಾಲೇಜಿನವರು, ಮಗು ಎತ್ತಿಕೊಂಡ ಹೆಂಗಸರು, ತಲೆ ಮೇಲೆ ಬಸಳೆ ಬುಟ್ಟಿ ಹೊತ್ತ, ಊರಿನ ಸೊಪ್ಪು ಮಾರುವ ಮಾಸ್ತಮ್ಮ.

"ಇಷ್ಟೂ ಜನ ಒಂದೇ ಬಸ್ಸಲ್ಲಿದ್ರಾ?"

"ಹ್ಞೂಂ. ನಿನ್ನ ಸೀಟಿಗೆ ಬ್ಯಾಗ್ ಇಟ್ಟಿದ್ದೆ. ಆಮೇಲೆ ಮಾಸ್ತಮ್ಮಂಗೆ ಬಿಟ್ಕೊಟ್ಟೆ."

ಬೇಡ ಎಂದಿದ್ದರೂ ಅಂಕಿತಾ ಸೀಟು ಹಿಡಿದಿದ್ದಳು! ಸೌಜನ್ಯಾ ತಲೆ ತಗ್ಗಿಸಿ ನಡೆದಳು. ಪಕ್ಕದಲ್ಲಿ ಸಾಲು ಸಾಲು ಕಾರುಗಳು. ಒಂದರಲ್ಲಿ ಒಬ್ಬರು, ಇನ್ನೊಂದರಲ್ಲಿ ಇಬ್ಬರು, ಉಳಿದ ಸೀಟೆಲ್ಲ ಖಾಲಿ. ಆ ಸಾಲು ಸೇತುವೆಯನ್ನೇ ತುಂಬಿತ್ತು. ಬಸ್ಸಿನವರೆಲ್ಲ ಸೇರಿದರೂ ಸೇತುವೆಯ ಒಂದು ಅಂಚಿನಲ್ಲೇ ಹಿಡಿಸಿದ್ದರು.

ಈ ಸೇತುವೆಯನ್ನು ಸೌಜನ್ಯಾ ಎಷ್ಟು ಸಲ ದಾಟಿರಲಿಲ್ಲ! ಆದರೆ ಕಣ್ಣು ಮಿಟುಕಿಸುವುದರೊಳಗೆ ಅದು ಮುಗಿದುಹೋಗುತ್ತಿತ್ತು. ಇವತ್ತು ನಡೆದಷ್ಟೂ ಮುಗಿಯುತ್ತಿಲ್ಲ. ಬಲಕ್ಕೆ ದೂರದಲ್ಲಿ ನೀಲಿ ಬೆಟ್ಟ. ಅಲ್ಲಿಂದಲೇ ಇಷ್ಟೂ ನೀರು ಬಂದಿತ್ತು. ಎಡಕ್ಕೆ ಅಳಿವೆ, ನದಿ ಕಡಲಿಗೆ ಸೇರುವ ಕಡೆ ಬಿಳೀ ತೆರೆ ಏಳುತ್ತಿತ್ತು. ಲಾರಿಗಳೆಲ್ಲ ಎಂಜಿನ್ ಆಫ್ ಮಾಡಿದ್ದರಿಂದ, ಕೆಳಗೆ ಕಂಬಕ್ಕೆ ನೀರು ತಾಗುವ ಸದ್ದೂ ಕೇಳುತ್ತಿತ್ತು.

"ದಿನಾ ಹಿಂಗೇ ಇರ್ತದಾ ಇದು?" ಎಂದಳು ಸೌಜನ್ಯಾ, ಮೆಲ್ಲಗೆ.

ಆಗಲೇ ಕೇಳಿಸಿತು. "ಫುಸ್ಸ್!"

ನೀರಿನಿಂದ ಬೂದು ಬಣ್ಣದ ಬೆನ್ನೊಂದು ಎದ್ದಿತು. ಹೊಳೆಯುತ್ತ ಬಾಗಿ ಮುಳುಗಿತು. ಅದರ ಪಕ್ಕದಲ್ಲೇ ಇನ್ನೊಂದು, ಚಿಕ್ಕದು.

"ಡಾಲ್ಫಿನ್!" ಅಂಕಿತಾ ಕಂಬಿಯತ್ತ ಓಡಿದಳು.

ನಡೆಯುತ್ತಿದ್ದವರೆಲ್ಲ ನಿಂತರು. ಮಾಸ್ತಮ್ಮ ಬುಟ್ಟಿ ಕೆಳಗಿಟ್ಟಳು. "ಬೇಗ, ಬೇಗ" ಎನ್ನುತ್ತಿದ್ದ ದಿನಕರ ಸರ್ ಕೂಡ ಕಂಬಿ ಹಿಡಿದು ಬಗ್ಗಿದರು. ತಾಯಿ, ಮರಿ ಎರಡೂ ಮತ್ತೆ ಎದ್ದವು. ಉಸಿರು ಬಿಟ್ಟವು. ಮರಿಯ ಉಸಿರು ಸಣ್ಣದು, ಸೀನಿದ ಹಾಗೆ. ತಾನು ಅಂಕಿತಾಳ ಕೈ ಹಿಡಿದದ್ದು ಯಾವಾಗ ಎಂದು ಸೌಜನ್ಯಾಳಿಗೇ ಗೊತ್ತಾಗಲಿಲ್ಲ. ಅಂಕಿತಾಳೂ ಬಿಡಿಸಿಕೊಳ್ಳಲಿಲ್ಲ.

ಹಿಂದಿನ ಕಾರುಗಳ ಗಾಜು ಏರಿಸಿಯೇ ಇತ್ತು. ಒಳಗಿದ್ದವರು ಮೊಬೈಲ್ ನೋಡುತ್ತಿದ್ದರು.

"ಅಯ್ಯೋ, ಓಡ್ರೇ! ನಮ್ಮ ಶಾಲೆ ಹೆಸ್ರು ಕರೀತಿದ್ರೋ ಏನೋ!" ಸರ್‌ಗೆ ತಟ್ಟನೆ ಎಚ್ಚರವಾಯಿತು.

ಓಡಿದರು. ಮೈದಾನ ಮುಟ್ಟುವಾಗ ಮೈಕಿನಲ್ಲಿ ಅವರ ಶಾಲೆಯನ್ನು ಕೊನೆಯ ಸಲ ಕರೆಯುತ್ತಿದ್ದರು. ಮೊದಲ ಆಟ ಗೆದ್ದರು. ಎರಡನೆಯದರಲ್ಲಿ ಹೊನ್ನಾವರದವರ ಎದುರು ಸೋತರು.

ಮಾವ ಬಂದು ಮುಟ್ಟಿದಾಗ ಅದೂ ಮುಗಿದಿತ್ತು. ಸಂಜೆ ಅವನು, "ಸೀಟ್ ಖಾಲಿ ಇದ್ದು, ಬನ್ರೇ," ಎಂದು ಅಂಕಿತಾಳನ್ನೂ ಇನ್ನಿಬ್ಬರನ್ನೂ ಹತ್ತಿಸಿಕೊಂಡ.

ಸೇತುವೆ ಬರುವ ಮೊದಲು ಸೌಜನ್ಯಾ, "ಮಾವ, ಸ್ವಲ್ಪ ನಿಲ್ಸು. ನಡ್ಕಂಡು ನಡೂ ಮಧ್ಯ ತನಕ ಹೋಗುವಾ," ಎಂದಳು.

"ಎಂತಕ್ಕೆ?"

"ಸುಮ್ನೆ ಬಾ."

ಮಾವ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಇಳಿದ. ಎಲ್ಲರೂ ನಡುಮಧ್ಯ ಬಂದು ನಿಂತರು. ಸೂರ್ಯ ಅಳಿವೆಯ ಮೇಲಿದ್ದ. ನದಿಯುದ್ದಕ್ಕೂ ಕೆಂಪು.

"ಸಣ್ಣವನಿದ್ದಾಗಿಂದ ಈ ಹೊಳೆ ದಾಟ್ತೇ ಇದ್ದೆ," ಎಂದ ಮಾವ. ಎರಡೂ ಕೈ ಕಂಬಿಯ ಮೇಲಿಟ್ಟು ನೋಡುತ್ತ ನಿಂತ.

ಡಾಲ್ಫಿನ್ ವಿಷಯ ಸೌಜನ್ಯಾಳ ನಾಲಿಗೆ ತುದಿಯಲ್ಲಿತ್ತು. ಮಾವನ ಮುಖ ನೋಡಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.